ಅಪ್‌ಡೇಟ್ ಕಿತ್ತುಕೊಂಡ ಸೌಲಭ್ಯವನ್ನು ಮರಳಿ ತರುವ ಬಗೆ

ಕೋಡ್ ಬರೆಯುವ ಎಡಿಟರ್ ತೆರೆದು, ಕೈ ರೂಢಿಯಂತೆ ಎರಡು ಮೂರು ಕೀಗಳನ್ನು ಒಟ್ಟಿಗೆ ಒತ್ತುತ್ತೀರಿ. ಆಗಬೇಕಾದ ಕೆಲಸ ಆಗುವುದಿಲ್ಲ. ಬದಲಿಗೆ ಪರದೆಯ ಮೂಲೆಯಲ್ಲಿ, ಇಂಥ ಕಮಾಂಡ್ ಸಿಗಲಿಲ್ಲ ಎಂಬ ಸಂದೇಶ ಮೂಡುತ್ತದೆ. ನಿನ್ನೆಯವರೆಗೆ ಎಲ್ಲ ಸರಿಯಾಗಿತ್ತು, ನೀವು ಏನನ್ನೂ ಮುಟ್ಟಿಲ್ಲ. ಆದದ್ದಿಷ್ಟೆ: ಎಡಿಟರ್‌ಗೆ ಹೆಚ್ಚುವರಿ ಸೌಲಭ್ಯ ಜೋಡಿಸುವ ಎಕ್ಸ್‌ಟೆನ್ಷನ್ ತಾನಾಗಿಯೇ ಹೊಸ ಆವೃತ್ತಿಗೆ ಏರಿದೆ, ಏರುವಾಗ ನಿಮಗೆ ಬೇಕಾಗಿದ್ದ ಸೌಲಭ್ಯವನ್ನು ಕೆಳಗೇ ಬಿಟ್ಟಿದೆ.

ಬೇರೆ ತಂತ್ರಾಂಶಗಳಲ್ಲಿ ಇಂಥದ್ದಾದರೆ ಗೊಣಗಿಕೊಂಡು ಸುಮ್ಮನಾಗಬೇಕಾಗುತ್ತದೆ. ಕೋಡ್ ಎಡಿಟರ್‌ಗಳ ಜಗತ್ತು ಅಷ್ಟು ನಿರ್ದಯವಲ್ಲ. ಮೈಕ್ರೋಸಾಫ್ಟ್‌ನ ವಿಎಸ್ ಕೋಡ್‌ನ ಉದಾಹರಣೆಯನ್ನೇ ತೆಗೆದುಕೊಂಡರೆ, 2015ರ ಏಪ್ರಿಲ್‌ನಲ್ಲಿ ಘೋಷಣೆಯಾದ ಈ ಎಡಿಟರ್‌ನ ಮೂಲ ಕೋಡನ್ನು ಅದೇ ವರ್ಷದ ನವೆಂಬರ್‌ನಲ್ಲಿ ಎಂಐಟಿ ಪರವಾನಗಿಯಡಿ ತೆರೆದಿಡಲಾಯಿತು. ಅದಕ್ಕಾಗಿ ಬರೆದ ಬಹಳಷ್ಟು ಎಕ್ಸ್‌ಟೆನ್ಷನ್‌ಗಳ ಮೂಲ ಕೋಡ್ ಕೂಡ ಎಲ್ಲರಿಗೂ ಸಿಗುತ್ತದೆ. ತೆಗೆದುಹಾಕಿದ ಸಾಲುಗಳು, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸದಲ್ಲಿ ಹಾಗೆಯೇ ಉಳಿದಿರುತ್ತವೆ. ಹಾಗಾಗಿ ಸಾಲುಗಳನ್ನು ಹುಡುಕಿ ತರುವುದು ಅರ್ಧ ದಿನದ ಕೆಲಸ. ತೆಗೆದವರಿಗೆ ಒಂದು ಕಾರಣ ಇತ್ತಲ್ಲ, ಆ ಕಾರಣಕ್ಕೆ ಉತ್ತರ ಕೊಡುವುದೇ ನಿಜವಾದ ಕೆಲಸ. ಉತ್ತರವಿಲ್ಲದೆ ಮರಳಿ ತಂದ ಸೌಲಭ್ಯ ಮತ್ತೊಮ್ಮೆ ಹೋಗುತ್ತದೆ, ಅಥವಾ ಹಳೆಯ ತೊಂದರೆಯನ್ನೂ ಜೊತೆಗೇ ಕರೆತರುತ್ತದೆ.

ತತ್ಕಾಲಕ್ಕೆ ಹಳೆಯ ಆವೃತ್ತಿ

ಕೆಲಸ ನಿಂತುಹೋಗಿದ್ದರೆ ಮೊದಲು ಅದನ್ನು ನಡೆಯುವಂತೆ ಮಾಡಿಕೊಳ್ಳಬೇಕು. ಎಕ್ಸ್‌ಟೆನ್ಷನ್‌ಗಳ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಹಲ್ಲಿನ ಚಕ್ರದ ಗುರುತು ಇರುತ್ತದೆ. ಅದನ್ನು ಒತ್ತಿದರೆ ನಿರ್ದಿಷ್ಟ ಆವೃತ್ತಿಯನ್ನು ಸ್ಥಾಪಿಸುವ ಆಯ್ಕೆ ಸಿಗುತ್ತದೆ. ಹಳೆಯದನ್ನು ಆರಿಸಿಕೊಂಡರೆ ಆ ಒಂದು ಎಕ್ಸ್‌ಟೆನ್ಷನ್‌ಗೆ ಮಾತ್ರ ತಾನಾಗಿ ಅಪ್‌ಡೇಟ್ ಆಗುವುದು ನಿಲ್ಲುತ್ತದೆ, ಉಳಿದವು ಎಂದಿನಂತೆ ಮುಂದುವರಿಯುತ್ತವೆ. ಇದೇ ಕೆಲಸವನ್ನು ಟರ್ಮಿನಲ್‌ನಿಂದಲೂ ಮಾಡಬಹುದು: ಸ್ಥಾಪಿಸುವ ಕಮಾಂಡ್‌ನಲ್ಲಿ ಎಕ್ಸ್‌ಟೆನ್ಷನ್‌ನ ಗುರುತಿನ ಹೆಸರಿನ ನಂತರ ‘@’ ಚಿಹ್ನೆ ಹಾಕಿ ಆವೃತ್ತಿಯ ಸಂಖ್ಯೆ ಬರೆದರೆ ಸಾಕು.

ಇದು ಒಂದೆರಡು ವಾರಕ್ಕೆ ಸರಿ. ಅಲ್ಲೇ ಬೇರು ಬಿಡುವುದು ಒಳ್ಳೆಯದಲ್ಲ. ಹಳೆಯ ಆವೃತ್ತಿಯಲ್ಲಿ ಮುಂದೆ ಪತ್ತೆಯಾದ ಭದ್ರತಾ ದೋಷಗಳ ಪರಿಹಾರ ಇರುವುದಿಲ್ಲ. ಹೊಸ ಆವೃತ್ತಿ ಒಮ್ಮೆ ಓಡಿದ್ದರೆ, ಅದು ತನ್ನ ಉಳಿಸಿದ ಮಾಹಿತಿಯನ್ನು ಹೊಸ ರೂಪಕ್ಕೆ ಬದಲಿಸಿರಬಹುದು. ಹಳೆಯ ಕೋಡ್‌ಗೆ ಆ ರೂಪ ಓದಲು ಬರುವುದಿಲ್ಲ. ಇನ್ನು ಸಿ ಅಥವಾ ಸಿ ಪ್ಲಸ್ ಪ್ಲಸ್‌ನಿಂದ ಕಂಪೈಲ್ ಮಾಡಿದ ಭಾಗಗಳನ್ನು ಹೊತ್ತ ಎಕ್ಸ್‌ಟೆನ್ಷನ್ ಆದರೆ ಅಪಾಯ ಹೆಚ್ಚು. ಎಡಿಟರ್ ತಾನು ನಿಂತಿರುವ ಎಲೆಕ್ಟ್ರಾನ್ ಎಂಬ ಅಡಿಪಾಯ ತಂತ್ರಾಂಶದ ಆವೃತ್ತಿಯನ್ನು ಏರಿಸಿದ ದಿನ ಆ ಭಾಗಗಳು ಲೋಡ್ ಆಗದೆ ಕೂರಬಹುದು.

ಇಲ್ಲಿ ಒಂದು ಉಪಯುಕ್ತ ಮಾತು. ಪ್ರಕಾಶಕರು ಎಕ್ಸ್‌ಟೆನ್ಷನನ್ನು, ಎಕ್ಸ್‌ಟೆನ್ಷನ್‌ಗಳು ಸಿಗುವ ಮಾರ್ಕೆಟ್‌ಪ್ಲೇಸ್‌ನಿಂದಲೇ ಹಿಂತೆಗೆದುಕೊಂಡಿದ್ದರೂ, ಸ್ಥಾಪಿಸಿಕೊಂಡಿದ್ದ ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರತಿ ಉಳಿದಿರುವ ಸಾಧ್ಯತೆ ಹೆಚ್ಚು. ಹೋಮ್ ಫೋಲ್ಡರ್‌ನಲ್ಲಿರುವ ವಿಎಸ್ ಕೋಡ್‌ನ ಅಡಗಿದ ಫೋಲ್ಡರ್‌ನೊಳಗೆ ಪ್ರಕಾಶಕರ ಹೆಸರು, ಎಕ್ಸ್‌ಟೆನ್ಷನ್‌ನ ಹೆಸರು, ಆವೃತ್ತಿ ಸೇರಿಸಿ ಒಂದೊಂದಕ್ಕೂ ಒಂದೊಂದು ಫೋಲ್ಡರ್ ಇರುತ್ತದೆ. ಅದನ್ನು ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ. ಅಲ್ಲಿರುವ ಕೋಡ್ ಸಾಮಾನ್ಯವಾಗಿ ಒಂದೇ ಫೈಲ್‌ಗೆ ಹಿಂಡಿ, ಹೆಸರುಗಳನ್ನೆಲ್ಲ ಒಂದೊಂದು ಅಕ್ಷರಕ್ಕೆ ಇಳಿಸಿದ ರೂಪದಲ್ಲಿ ಇರುವುದರಿಂದ ಅದನ್ನು ತಿದ್ದಲು ಹೊರಡುವುದು ವ್ಯರ್ಥ ಶ್ರಮ. ಆದರೂ ಹಳೆಯ ಆವೃತ್ತಿಯಲ್ಲಿ ಏನೇನಿತ್ತು ಎಂದು ನೋಡಿಕೊಳ್ಳಲು ಅದು ಸಾಕು.

ಸೌಲಭ್ಯ ಇದ್ದದ್ದಾದರೂ ಎಲ್ಲಿ?

ಬಳಸುವವರಿಗೆ ಒಂದೇ ಆಗಿ ಕಾಣುವ ಸೌಲಭ್ಯ ಕೋಡ್‌ನಲ್ಲಿ ನಾಲ್ಕಾರು ಕಡೆ ಹರಡಿಕೊಂಡಿರುತ್ತದೆ. ಎಕ್ಸ್‌ಟೆನ್ಷನ್‌ನ ಜಾತಕವೆಂದರೆ ಪ್ಯಾಕೇಜ್ ಡಾಟ್ ಜೇಸನ್ ಎಂಬ ಫೈಲ್. ತನ್ನಲ್ಲಿ ಯಾವ ಕಮಾಂಡ್‌ಗಳಿವೆ, ಅವು ಯಾವ ಮೆನುವಿನಲ್ಲಿ ಕಾಣಬೇಕು, ಯಾವ ಕೀಗಳಿಗೆ ಓಗೊಡಬೇಕು, ಯಾವ ಸೆಟ್ಟಿಂಗ್‌ಗಳಿವೆ ಎಂಬುದನ್ನೆಲ್ಲ ಎಕ್ಸ್‌ಟೆನ್ಷನ್ ಅಲ್ಲಿ ಮೊದಲೇ ಘೋಷಿಸುತ್ತದೆ. ಎಡಿಟರ್ ಕೋಡನ್ನು ಚಲಾಯಿಸುವ ಮುನ್ನವೇ ಆ ಫೈಲನ್ನು ಓದಿ ಮೆನುಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಕಮಾಂಡ್ ಒತ್ತಿದಾಗ ನಿಜವಾಗಿ ಏನಾಗಬೇಕು ಎಂಬುದು ಟೈಪ್‌ಸ್ಕ್ರಿಪ್ಟ್ ಅಥವಾ ಜಾವಾಸ್ಕ್ರಿಪ್ಟ್ ಫೈಲ್‌ಗಳಲ್ಲಿ ಇರುತ್ತದೆ. ಇವೆರಡರ ನಡುವೆ, ಎಕ್ಸ್‌ಟೆನ್ಷನ್ ಯಾವಾಗ ಎಚ್ಚರಗೊಳ್ಳಬೇಕು ಎಂದು ಹೇಳುವ ಸಾಲುಗಳು ಇರುತ್ತವೆ.

ಈ ಕೊನೆಯದರಲ್ಲಿ ಎಡವುವವರು ಹೆಚ್ಚು. ವಿಎಸ್ ಕೋಡ್‌ನ 1.74ನೆಯ ಆವೃತ್ತಿಗಿಂತ ಮೊದಲು, ಕಮಾಂಡ್ ಒತ್ತಿದಾಗ ಎಕ್ಸ್‌ಟೆನ್ಷನ್ ಎಚ್ಚರಗೊಳ್ಳಬೇಕಾದರೆ ಅದನ್ನು ಪ್ರತ್ಯೇಕವಾಗಿ ಬರೆಯಲೇಬೇಕಿತ್ತು. 1.74ರಿಂದ ಈಚೆಗೆ, ಘೋಷಿಸಿದ ಕಮಾಂಡ್‌ಗಳಿಗೆ ಎಡಿಟರ್ ಆ ಏರ್ಪಾಡನ್ನು ತಾನೇ ಮಾಡಿಕೊಳ್ಳುತ್ತದೆ. ಹಳೆಯ ಕೋಡನ್ನು ಮರಳಿ ತರುವವರು ಆ ಸಾಲು ಬೇಕೋ ಬೇಡವೋ ಎಂದು ತಿಳಿಯಲು, ತಮ್ಮ ಎಕ್ಸ್‌ಟೆನ್ಷನ್ ಕನಿಷ್ಠ ಯಾವ ಎಡಿಟರ್ ಆವೃತ್ತಿಯನ್ನು ಬೆಂಬಲಿಸುತ್ತದೆ ಎಂಬ ಸಂಖ್ಯೆಯನ್ನು ಅದೇ ಜೇಸನ್ ಫೈಲ್‌ನಲ್ಲಿ ನೋಡಬೇಕು.

ಕೆಲವು ಸಲ ಸೌಲಭ್ಯ ಎಕ್ಸ್‌ಟೆನ್ಷನ್‌ನಲ್ಲಿ ಇದ್ದಿರುವುದೇ ಇಲ್ಲ. ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸಂಸ್ಥೆಗಳು 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಪ್ರಕಟಿಸಿದ ನಂತರ, ಭಾಷೆಯನ್ನು ಅರ್ಥಮಾಡಿಕೊಳ್ಳುವ ಕೆಲಸವೆಲ್ಲ ಪ್ರತ್ಯೇಕ ಸರ್ವರ್ ಪ್ರೋಗ್ರಾಂಗೆ ಹೋಗಿ, ಎಕ್ಸ್‌ಟೆನ್ಷನ್ ಬರೀ ಸುದ್ದಿ ಮುಟ್ಟಿಸುವ ದೂತನಾಗಿ ಉಳಿಯುವುದು ಸಾಮಾನ್ಯವಾಯಿತು. ಆಗ ಎಕ್ಸ್‌ಟೆನ್ಷನ್‌ನ ಇತಿಹಾಸವನ್ನು ಎಷ್ಟು ಕೆದಕಿದರೂ ಏನೂ ಸಿಗುವುದಿಲ್ಲ. ಸರ್ವರ್‌ನ ರೆಪಾಸಿಟರಿಯಲ್ಲಿ, ಅಂದರೆ ಅದರ ಕೋಡ್ ಮತ್ತು ಇತಿಹಾಸ ಇರುವ ಕಣಜದಲ್ಲಿ, ಹುಡುಕಬೇಕು.

ತೆಗೆದದ್ದು ಏಕೆ?

ಒಮ್ಮೊಮ್ಮೆ ಸೌಲಭ್ಯ ಹೋಗಿರುವುದಿಲ್ಲ, ಮನೆ ಬದಲಿಸಿರುತ್ತದೆ. ಜೋಡಿ ಆವರಣ ಚಿಹ್ನೆಗಳಿಗೆ ಒಂದೇ ಬಣ್ಣ ಹಚ್ಚಿ ತೋರಿಸುತ್ತಿದ್ದ ಬ್ರ್ಯಾಕೆಟ್ ಪೇರ್ ಕಲರೈಸರ್ ಎಂಬ ಎಕ್ಸ್‌ಟೆನ್ಷನ್ ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ಎಕ್ಸ್‌ಟೆನ್ಷನ್‌ಗಳು ಎಡಿಟರ್‌ನಿಂದ ಬೇರೆಯಾದ ಪ್ರಕ್ರಿಯೆಯಲ್ಲಿ ಓಡುತ್ತವೆ. ಎಡಿಟರ್ ಈಗಾಗಲೇ ಬಿಡಿಸಿಟ್ಟುಕೊಂಡಿರುವ ಟೋಕನ್‌ಗಳು, ಅಂದರೆ ಯಾವುದು ಕೋಡ್, ಯಾವುದು ಟಿಪ್ಪಣಿ, ಯಾವುದು ಉದ್ಧರಣೆ ಎಂಬ ವಿಂಗಡಣೆ, ಅವುಗಳಿಗೆ ಸಿಗುವುದಿಲ್ಲ. ಹಾಗಾಗಿ ಆ ಎಕ್ಸ್‌ಟೆನ್ಷನ್ ಇಡೀ ಫೈಲನ್ನು ತಾನೇ ಮತ್ತೊಮ್ಮೆ ಬಿಡಿಸಿ ಓದಬೇಕಾಗಿತ್ತು. ದೊಡ್ಡ ಫೈಲ್‌ಗಳಲ್ಲಿ ಇದು ನಿಧಾನವಾಗುತ್ತಿತ್ತು. 2021ರ ಆಗಸ್ಟ್‌ನ 1.60ನೆಯ ಆವೃತ್ತಿಯಲ್ಲಿ ಎಡಿಟರ್ ತಂಡ ಈ ಸೌಲಭ್ಯವನ್ನು ತಿರುಳಿನಲ್ಲೇ ಕಟ್ಟಿತು; ವಿವರಿಸಿ ಬರೆದ ಲೇಖನದ ತಲೆಬರಹದಲ್ಲೇ ಹತ್ತು ಸಾವಿರ ಪಟ್ಟು ವೇಗ ಎಂದು ಹೇಳಿಕೊಂಡಿತು. ಎಕ್ಸ್‌ಟೆನ್ಷನ್ ನಿವೃತ್ತವಾಯಿತು. ಇಂಥ ಕಡೆ ಹಳೆಯದನ್ನು ಎಬ್ಬಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಎಡಿಟರ್‌ನ ಸೆಟ್ಟಿಂಗ್ ಆನ್ ಆಗಿದೆಯೇ ಎಂದು ನೋಡಿಕೊಂಡರೆ ಮುಗಿಯಿತು.

ಪೈಥಾನ್ ಎಕ್ಸ್‌ಟೆನ್ಷನ್‌ನ ಕಥೆಯೂ ಇಂಥದ್ದೇ. ಕೋಡ್‌ನ ತಪ್ಪು ಹುಡುಕುವ ಲಿಂಟರ್‌ಗಳು, ಕೋಡನ್ನು ಅಂದಗೊಳಿಸುವ ಫಾರ್ಮ್ಯಾಟರ್‌ಗಳು ಮೊದಲು ಅದರ ಒಳಗೇ ಇದ್ದವು. ಆಮೇಲೆ ಪೈಲಿಂಟ್, ಬ್ಲ್ಯಾಕ್ ಮೊದಲಾದವುಗಳಿಗೆ ಒಂದೊಂದು ಪ್ರತ್ಯೇಕ ಎಕ್ಸ್‌ಟೆನ್ಷನ್ ಬಂತು, ಹಳೆಯ ಸೆಟ್ಟಿಂಗ್‌ಗಳು ಕೆಲಸ ಮಾಡುವುದು ನಿಂತಿತು. ಬದಲಾವಣೆಯ ಟಿಪ್ಪಣಿ ಓದದವರಿಗೆ ಲಿಂಟಿಂಗ್ ಮಾಯವಾಯಿತು ಎನಿಸಿದರೆ ಆಶ್ಚರ್ಯವಿಲ್ಲ.

ವೇದಿಕೆಯೇ ಕಾಲ ಕೆಳಗಿನಿಂದ ಸರಿದಾಗಲೂ ಸೌಲಭ್ಯಗಳು ಹೋಗುತ್ತವೆ. ಎಚ್‌ಟಿಎಂಎಲ್ ತೋರಿಸಲು ಇದ್ದ ಹಳೆಯ ಕಮಾಂಡ್ ಒಂದನ್ನು ತೆಗೆದು ಅದರ ಜಾಗದಲ್ಲಿ ವೆಬ್‌ವ್ಯೂ ಎಪಿಐ (ಎಪಿಐ ಎಂದರೆ ಎಡಿಟರ್‌ನ ಸೌಲಭ್ಯಗಳನ್ನು ಎಕ್ಸ್‌ಟೆನ್ಷನ್ ಬಳಸಿಕೊಳ್ಳುವ ದಾರಿ) ತಂದಾಗ, ಹೊಸದಕ್ಕೆ ಹೊಂದಿಕೊಳ್ಳದ ಮುನ್ನೋಟ ಫಲಕಗಳು ಸತ್ತವು. ಇಲ್ಲಿ ಹಳೆಯ ಕೋಡ್ ಮರಳಿ ತಂದರೂ ಓಡುವುದಿಲ್ಲ; ಹೊಸ ಎಪಿಐಗೆ ಹೊಂದುವಂತೆ ಬರೆಯಲೇಬೇಕು. ಪ್ರಸ್ತಾವಿತ ಎಪಿಐ ಎಂಬ ಇನ್ನೊಂದು ಬಗೆಯಿದೆ. ಎಡಿಟರ್ ತಂಡ ಇನ್ನೂ ಪ್ರಯೋಗ ಮಾಡುತ್ತಿರುವ, ಎಂದು ಬೇಕಾದರೂ ಬದಲಾಗಬಹುದಾದ ದಾರಿಗಳಿವು. ಇವನ್ನು ಬಳಸಿದ ಎಕ್ಸ್‌ಟೆನ್ಷನನ್ನು ಮಾರ್ಕೆಟ್‌ಪ್ಲೇಸ್‌ನಲ್ಲಿ ಸಾಮಾನ್ಯವಾಗಿ ಪ್ರಕಟಿಸಲಾಗುವುದಿಲ್ಲ.

ಭದ್ರತೆಯ ಕಾರಣಕ್ಕೆ ತೆಗೆದದ್ದಾದರೆ ನಿಂತು ಯೋಚಿಸಬೇಕು. ಫೋಲ್ಡರ್‌ನೊಳಗಿನ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದ ಪ್ರೋಗ್ರಾಂ ಅನ್ನು ಎಕ್ಸ್‌ಟೆನ್ಷನ್ ಕೇಳದೆಯೇ ಚಲಾಯಿಸುತ್ತಿತ್ತು ಎಂದುಕೊಳ್ಳಿ. ನಿಮ್ಮ ಸ್ವಂತ ಫೋಲ್ಡರ್‌ನಲ್ಲಿ ಇದು ಅನುಕೂಲ. ಯಾರೋ ಅಪರಿಚಿತರ ರೆಪಾಸಿಟರಿಯನ್ನು ಇಳಿಸಿಕೊಂಡು ತೆರೆದಾಗ ಅದೇ ಸೌಲಭ್ಯ ಅವರ ಕೋಡನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಚಲಾಯಿಸುತ್ತದೆ. 2021ರ ಮೇ ತಿಂಗಳ 1.57ನೆಯ ಆವೃತ್ತಿಯಲ್ಲಿ ಬಂದ ವರ್ಕ್‌ಸ್ಪೇಸ್ ಟ್ರಸ್ಟ್, ಅಂದರೆ ಈ ಫೋಲ್ಡರನ್ನು ನಂಬುತ್ತೀರಾ ಎಂದು ಕೇಳುವ ಪೆಟ್ಟಿಗೆ, ಹುಟ್ಟಿದ್ದೇ ಇಂಥ ಅಪಾಯಗಳಿಗಾಗಿ. ಅದನ್ನು ಕಿರಿಕಿರಿ ಎಂದು ಬೈಯುವವರಿದ್ದಾರೆ. ಆದರೆ ಇಂಥ ಸೌಲಭ್ಯವನ್ನು ಮರಳಿ ತರುವವರಿಗೆ ಅದೇ ಆಸರೆ. ನಂಬದ ಫೋಲ್ಡರ್‌ನಲ್ಲಿ ಯಾವ ಸೆಟ್ಟಿಂಗ್‌ಗಳನ್ನು ಕಡೆಗಣಿಸಬೇಕು ಎಂದು ಜೇಸನ್ ಫೈಲ್‌ನಲ್ಲೇ ಘೋಷಿಸಬಹುದು. ಸೆಟ್ಟಿಂಗ್‌ನ ವ್ಯಾಪ್ತಿಯನ್ನು ಯಂತ್ರಕ್ಕೆ ಸೀಮಿತಗೊಳಿಸಿದರೆ ಫೋಲ್ಡರ್‌ನೊಳಗಿನ ಫೈಲ್ ಅದನ್ನು ಬದಲಿಸಲಾಗುವುದಿಲ್ಲ. ಈ ಎರಡು ಬೇಲಿಗಳಿಲ್ಲದೆ ಅದನ್ನು ಮರಳಿ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಎಷ್ಟು ಜನ ಕೇಳಿಕೊಂಡರೂ ಸರಿ.

ಉಳಿದ ಕಾರಣಗಳು ಮನುಷ್ಯಸಹಜ: ಬರೆದವರು ಬಿಟ್ಟುಹೋದರು, ಉಳಿದವರಿಗೆ ಆ ಭಾಗ ಅರ್ಥವಾಗಲಿಲ್ಲ, ಬಗ್ ವರದಿಗಳು ಮಾತ್ರ ಬರುತ್ತಲೇ ಇದ್ದವು.

ಇತಿಹಾಸವನ್ನು ಅಗೆಯುವುದು

ಕಾರಣ ಗೊತ್ತಿಲ್ಲದಿದ್ದರೆ ಗಿಟ್ ಹೇಳುತ್ತದೆ, ಕೇಳಲು ಬರಬೇಕಷ್ಟೆ. ಮೊದಲಿಗೆ ಇಡೀ ಇತಿಹಾಸದೊಂದಿಗೆ ರೆಪಾಸಿಟರಿಯನ್ನು ಇಳಿಸಿಕೊಳ್ಳಿ. ಬೇಗ ಆಗಲೆಂದು ಕೊನೆಯ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಒಂದನ್ನೇ ಇಳಿಸಿಕೊಂಡರೆ ಅಗೆಯಲು ನೆಲವೇ ಇರುವುದಿಲ್ಲ.

ಹುಡುಕಲು ಒಳ್ಳೆಯ ಎಳೆಯೆಂದರೆ ಕಮಾಂಡ್‌ನ ಒಳ ಹೆಸರು. ಕಮಾಂಡ್ ಸಿಗಲಿಲ್ಲ ಎಂಬ ಸಂದೇಶದಲ್ಲೇ ಅದು ಇರುತ್ತದೆ. ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಪಕ್ಕದಲ್ಲಿ ಆ ಹೆಸರನ್ನು ಬರೆದರೆ, ಆ ಪದ ಎಷ್ಟು ಸಲ ಬರುತ್ತದೆ ಎಂಬ ಎಣಿಕೆ ಬದಲಾದ ಕಮಿಟ್‌ಗಳನ್ನು ಮಾತ್ರ ಗಿಟ್ ಹೆಕ್ಕಿ ಕೊಡುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿರುವುದು ಸಾಮಾನ್ಯವಾಗಿ ಅದನ್ನು ತೆಗೆದ ಕಮಿಟ್, ಕೆಳತುದಿಯಲ್ಲಿರುವುದು ಸೇರಿಸಿದ ಕಮಿಟ್. ಎರಡನ್ನೂ ಓದಿ. ಸೇರಿಸಿದ ಕಮಿಟ್‌ನಲ್ಲಿ ಸೌಲಭ್ಯದ ಎಲ್ಲ ಅಂಗಗಳು ಒಟ್ಟಿಗೆ ಕಾಣುತ್ತವೆ, ತೆಗೆದ ಕಮಿಟ್‌ನ ಸಂದೇಶದಲ್ಲಿ ಕಾರಣವೋ, ಕಾರಣ ಚರ್ಚಿಸಿದ ದೂರಿನ ಸಂಖ್ಯೆಯೋ ಸಿಗುತ್ತದೆ.

ಯಾವ ಹೆಸರೂ ಗೊತ್ತಿಲ್ಲ, ವರ್ತನೆ ಮಾತ್ರ ಬದಲಾಗಿದೆ ಎಂದಾದರೆ ಗಿಟ್ ಬೈಸೆಕ್ಟ್ ಇದೆ. ಸೌಲಭ್ಯ ಇದ್ದ ಒಂದು ಕಮಿಟ್, ಇಲ್ಲದ ಒಂದು ಕಮಿಟ್ ತೋರಿಸಿದರೆ ಅದು ನಡುವಿನದನ್ನು ಮುಂದಿಡುತ್ತದೆ. ಇದೆಯೇ ಇಲ್ಲವೇ ಎಂದು ಪರೀಕ್ಷಿಸಿ ಹೇಳಿದರೆ ಮತ್ತೆ ಅರ್ಧ ಮಾಡುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಹತ್ತು ಸಲ ಕೇಳುವಷ್ಟರಲ್ಲಿ ತಪ್ಪಿದ ಜಾಗ ಸಿಕ್ಕಿರುತ್ತದೆ. ಬೈಸೆಕ್ಟ್‌ನ ಮಾಮೂಲಿ ಭಾಷೆ ‘ಒಳ್ಳೆಯದು’, ‘ಕೆಟ್ಟದ್ದು’ ಎಂಬುದು. ಸೌಲಭ್ಯ ತೆಗೆದದ್ದು ಬಗ್ ಅಲ್ಲವಾದ್ದರಿಂದ ತಲೆ ಗೊಂದಲಕ್ಕೆ ಬೀಳುತ್ತದೆ. ‘ಹಳೆಯದು’, ‘ಹೊಸದು’ ಎಂಬ ಜೋಡಿಯನ್ನು ಬಳಸಲೂ ಅದರಲ್ಲಿ ಅವಕಾಶವಿದೆ.

ಕಮಿಟ್ ಸಿಕ್ಕಿತು. ಗಿಟ್ ರಿವರ್ಟ್ ಎಂದು ಒತ್ತಿ, ತೆಗೆದದ್ದನ್ನು ಹಿಂದಿರುಗಿಸಿಬಿಡೋಣ ಎನಿಸುತ್ತದೆ. ಮೊನ್ನೆ ಮೊನ್ನೆ ತೆಗೆದದ್ದಾದರೆ ಹಾಗೆಯೇ ಮಾಡಬಹುದು. ವರ್ಷ ಕಳೆದಿದ್ದರೆ ಬಾಗಿಲು ಬದಲಾದ ಮನೆಗೆ ಹಳೆಯ ಬೀಗದ ಕೈ ತಂದಂತಾಗುತ್ತದೆ: ಫೈಲ್‌ಗಳು ಜಾಗ ಬದಲಿಸಿವೆ, ಕಾರ್ಯಗಳ, ಅಂದರೆ ಫಂಕ್ಷನ್‌ಗಳ, ಹೆಸರು ಬದಲಾಗಿದೆ. ಗಿಟ್ ಘರ್ಷಣೆ ಇದೆ ಎಂದು ಕೂಗಿಕೊಂಡರೆ ಅದೃಷ್ಟ ಎನ್ನಬೇಕು. ತಕರಾರಿಲ್ಲದೆ ಸಾಲುಗಳು ಸೇರಿಕೊಂಡು, ಈಗ ಇಲ್ಲದ ಕಾರ್ಯವನ್ನು ಅವು ಕರೆಯುತ್ತಿದ್ದರೆ ಕಷ್ಟ. ಟೈಪ್‌ಸ್ಕ್ರಿಪ್ಟ್ ಆದರೆ ಕಂಪೈಲರ್ ಹಿಡಿಯುತ್ತದೆ, ಬರೀ ಜಾವಾಸ್ಕ್ರಿಪ್ಟ್ ಆದರೆ ಬಳಕೆದಾರರೇ ಹಿಡಿಯಬೇಕು. ಹಾಗಾಗಿ ಹಳೆಯ ಫೈಲನ್ನು, ತೆಗೆದ ಕಮಿಟ್‌ನ ಹಿಂದಿನ ಕಮಿಟ್‌ನಿಂದ ಎತ್ತಿ ಪಕ್ಕದಲ್ಲಿಟ್ಟುಕೊಂಡು, ನೋಡಿ ಹೊಸದಾಗಿ ಬರೆಯುವುದು ಬಹಳ ಸಲ ಬೇಗ ಮುಗಿಯುತ್ತದೆ.

ಮರ್ಜ್ ಕಮಿಟ್‌ಗಳ, ಅಂದರೆ ಬೇರೆಯಾಗಿ ಬೆಳೆದ ಬ್ರಾಂಚ್ ಎಂಬ ಕವಲನ್ನು ಮುಖ್ಯ ಕೋಡ್‌ಗೆ ಬೆಸೆಯುವ ಕಮಿಟ್‌ಗಳ, ವಿಷಯದಲ್ಲಿ ಒಂದು ಒಳಸುಳಿ ಇದೆ. ಸೌಲಭ್ಯವನ್ನು ಒಂದು ಬ್ರಾಂಚ್‌ನಿಂದ ಮರ್ಜ್ ಮಾಡಿ, ಆಮೇಲೆ ಆ ಮರ್ಜನ್ನೇ ರಿವರ್ಟ್ ಮಾಡಿದ್ದರೆ, ಅದೇ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದರೂ ಏನೂ ಬರುವುದಿಲ್ಲ. ಆ ಕಮಿಟ್‌ಗಳು ಈಗಾಗಲೇ ಇತಿಹಾಸದಲ್ಲಿವೆಯಲ್ಲ ಎಂದು ಗಿಟ್ ಸುಮ್ಮನಿರುತ್ತದೆ. ರಿವರ್ಟ್ ಮಾಡಿದ ಕಮಿಟನ್ನೇ ಮತ್ತೊಮ್ಮೆ ರಿವರ್ಟ್ ಮಾಡಬೇಕು. ಕೇಳಲು ವಿಚಿತ್ರವಾದರೂ ದಾರಿ ಅದೇ.

ಒಂದು ಉದಾಹರಣೆಯನ್ನು ಬಿಚ್ಚಿ ನೋಡೋಣ

ಟಿಪ್ಪಣಿ ಬರೆಯಲು ನೆರವಾಗುವ ಒಂದು ಎಕ್ಸ್‌ಟೆನ್ಷನ್ ಕಲ್ಪಿಸಿಕೊಳ್ಳಿ. ಅದರ ಎರಡನೆಯ ಆವೃತ್ತಿಯಲ್ಲಿ ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಪದಗಳ ಎಣಿಕೆ ಕಾಣುತ್ತಿತ್ತು. ಮೂರನೆಯದರಲ್ಲಿ ಅದಿಲ್ಲ. ತೆಗೆದ ಕಮಿಟ್‌ನ ಸಂದೇಶ, ದೊಡ್ಡ ಫೈಲ್‌ಗಳಲ್ಲಿ ನಿಧಾನ ಎಂದಷ್ಟೇ ಹೇಳುತ್ತದೆ.

ಹಳೆಯ ಕೋಡ್ ಹತ್ತು ಹನ್ನೆರಡು ಸಾಲುಗಳದ್ದು. ಪಠ್ಯ ಬದಲಾದಾಗಲೆಲ್ಲ ಎಡಿಟರ್ ಕಳುಹಿಸುವ ಸೂಚನೆಗೆ ಕಿವಿಗೊಡುವುದು, ಇಡೀ ಪಠ್ಯವನ್ನು ತರಿಸಿಕೊಳ್ಳುವುದು, ಖಾಲಿ ಜಾಗಗಳಲ್ಲಿ ಕತ್ತರಿಸುವುದು, ತುಂಡುಗಳನ್ನು ಎಣಿಸಿ ಪಟ್ಟಿಯಲ್ಲಿ ತೋರಿಸುವುದು. ಸರಳವಾಗಿದೆ, ಸರಿಯಾಗಿಯೂ ಇದೆ. ತೊಂದರೆ ಇರುವುದು ‘ಬದಲಾದಾಗಲೆಲ್ಲ’ ಎಂಬಲ್ಲಿ. ಆ ಸೂಚನೆ ಪ್ರತಿ ಅಕ್ಷರಕ್ಕೂ ಬರುತ್ತದೆ. ಹಲವು ಮೆಗಾಬೈಟ್‌ಗಳ ಫೈಲ್ ತೆರೆದಿದ್ದರೆ, ಒಂದೊಂದು ಕೀ ಒತ್ತಿದಾಗಲೂ ಲಕ್ಷಾಂತರ ತುಂಡುಗಳ ಪಟ್ಟಿಯೊಂದು ಹುಟ್ಟಿ, ಒಂದು ಸಂಖ್ಯೆ ಕೊಟ್ಟು ಸಾಯುತ್ತದೆ.

ಎಕ್ಸ್‌ಟೆನ್ಷನ್‌ಗಳು ಬೇರೆ ಪ್ರಕ್ರಿಯೆಯಲ್ಲಿ ಓಡುವುದರಿಂದ ಟೈಪ್ ಮಾಡುವುದಕ್ಕೆ ನೇರವಾಗಿ ಅಡ್ಡಿಯಾಗುವುದಿಲ್ಲ. ಹಾಗಾದರೆ ನಿಧಾನ ಎಂದವರಾರು? ಸ್ಥಾಪಿಸಿಕೊಂಡ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಆ ಒಂದೇ ಪ್ರಕ್ರಿಯೆಯನ್ನು ಹಂಚಿಕೊಳ್ಳುತ್ತವೆ, ಅವುಗಳ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಎಳೆಯಲ್ಲಿ. ಎಣಿಸುವವನು ಕುಳಿತು ಎಣಿಸುತ್ತಿದ್ದರೆ, ಪದ ಪೂರ್ತಿಗೊಳಿಸುವ ಸಲಹೆಗಳು, ಉಳಿಸುವಾಗ ಅಂದಗೊಳಿಸುವ ಕೆಲಸ ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ದೂರು ಹೋಗುವುದು ಮಾತ್ರ ಏನೂ ತಪ್ಪು ಮಾಡದ ಇನ್ನೊಂದು ಎಕ್ಸ್‌ಟೆನ್ಷನ್‌ನವರಿಗೆ. ಇದರ ಜೊತೆಗೆ ಇನ್ನೊಂದು: ಆ ಸೂಚನೆ ನೀವು ನೋಡುತ್ತಿರುವ ಫೈಲ್‌ಗೆ ಸೀಮಿತವಲ್ಲ. ಔಟ್‌ಪುಟ್ ಫಲಕದಲ್ಲಿ ಯಾವುದೋ ಉಪಕರಣ ಸಾಲುಗಳನ್ನು ಸುರಿಯುತ್ತಿದ್ದರೆ ಅದಕ್ಕೂ ಸೂಚನೆ ಬರುತ್ತದೆ, ಎಣಿಕೆ ಶುರುವಾಗುತ್ತದೆ.

ಈಗ ಉತ್ತರ ತಾನಾಗಿ ಹೊಳೆಯುತ್ತದೆ. ಬದಲಾದದ್ದು ಕಣ್ಣಮುಂದಿನ ಫೈಲೇ ಎಂದು ಮೊದಲು ನೋಡುವುದು, ಅಲ್ಲದಿದ್ದರೆ ಅಲ್ಲಿಗೇ ಬಿಡುವುದು. ಸೂಚನೆ ಬಂದ ಕೂಡಲೇ ಎಣಿಸದೆ, ಬೆರಳು ನಿಂತು ಮುನ್ನೂರು ಮಿಲಿಸೆಕೆಂಡ್ ಆದ ಮೇಲೆ ಎಣಿಸುವುದು. ಅಷ್ಟರಲ್ಲಿ ಇನ್ನೊಂದು ಅಕ್ಷರ ಬಿದ್ದರೆ ಗಡಿಯಾರವನ್ನು ಮತ್ತೆ ಸೊನ್ನೆಗೆ ತರುವುದು. ಮಾರ್ಕ್‌ಡೌನ್, ಸಾದಾ ಪಠ್ಯ ಬಿಟ್ಟು ಬೇರೆ ಭಾಷೆಗಳಿಗೆ ಎಚ್ಚರಗೊಳ್ಳದಿರುವುದು. ಒಂದು ಮಿತಿಗಿಂತ ದೊಡ್ಡ ಫೈಲ್ ಆದರೆ ಎಣಿಕೆಯ ಜಾಗದಲ್ಲಿ ಒಂದು ಗೆರೆ ತೋರಿಸಿ ಸುಮ್ಮನಿರುವುದು. ಎಕ್ಸ್‌ಟೆನ್ಷನನ್ನು ನಿಷ್ಕ್ರಿಯಗೊಳಿಸಿದಾಗ ಕಿವಿಗೊಡುವುದನ್ನು ನಿಲ್ಲಿಸುವಂತೆ, ಎಡಿಟರ್ ಕೊಡುವ ವಿಲೇವಾರಿ ಪಟ್ಟಿಗೆ ಎಲ್ಲವನ್ನೂ ಸೇರಿಸುವುದು.

ಬದಲಾದ ತುಣುಕನ್ನು ಮಾತ್ರ ಎಣಿಸಿ ಮೊತ್ತಕ್ಕೆ ಕೂಡಿಸಿ ಕಳೆಯಬಾರದೇ ಎಂದು ಕೆಲವರಿಗೆ ಅನಿಸುತ್ತದೆ. ಸೂಚನೆಯಲ್ಲಿ ಹೊಸ ಪಠ್ಯ ಇರುತ್ತದೆ, ಅಳಿಸಿದ ಜಾಗದ ವ್ಯಾಪ್ತಿ ಇರುತ್ತದೆ, ಅಳಿಸಿದ ಪಠ್ಯ ಮಾತ್ರ ಇರುವುದಿಲ್ಲ. ಹಾಗಾಗಿ ಪ್ರತಿ ಸಾಲಿನ ಎಣಿಕೆಯನ್ನು ನೀವೇ ಬೇರೆ ಇಟ್ಟುಕೊಳ್ಳಬೇಕಾಗುತ್ತದೆ. ಸ್ಟೇಟಸ್ ಪಟ್ಟಿಯ ಒಂದು ಸಂಖ್ಯೆಗೆ ಇಷ್ಟೆಲ್ಲ ಬೇಡ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಹಳೆಯ ಕೋಡ್ ಖಾಲಿ ಜಾಗದಲ್ಲಿ ಕತ್ತರಿಸುವ ಬದಲು ‘ಪದದ ಅಕ್ಷರ’ ಎಂಬ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಗುರುತನ್ನು ಬಳಸಿದ್ದರೆ, ಮರಳಿ ತರುವಾಗ ಅದನ್ನೂ ಬದಲಿಸಿಬಿಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಗುರುತಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ. ಪೂರ್ತಿ ಕನ್ನಡದಲ್ಲಿರುವ ಟಿಪ್ಪಣಿಯಲ್ಲಿ ಅದು ಸೊನ್ನೆ ಪದಗಳಿವೆ ಎನ್ನುತ್ತದೆ.

ಮಲಗಿರುವ ಸೆಟ್ಟಿಂಗ್‌ಗಳು

ಎಕ್ಸ್‌ಟೆನ್ಷನ್ ಒಂದು ಸೆಟ್ಟಿಂಗನ್ನು ಕೈಬಿಟ್ಟರೂ ಬಳಕೆದಾರರ ಸೆಟ್ಟಿಂಗ್ ಫೈಲ್‌ನಿಂದ ಅದು ಅಳಿಯುವುದಿಲ್ಲ. ಬಣ್ಣ ಮಂಕಾಗಿ, ಗೊತ್ತಿಲ್ಲದ ಸೆಟ್ಟಿಂಗ್ ಎಂಬ ಟಿಪ್ಪಣಿ ಹೊತ್ತು ಅಲ್ಲೇ ಮಲಗಿರುತ್ತದೆ. ಕೀಗಳ ಜೋಡಣೆಯ ಫೈಲ್‌ನಲ್ಲಿ ಹಳೆಯ ಕಮಾಂಡ್‌ಗಳೂ ಹೀಗೆಯೇ ಉಳಿಯುತ್ತವೆ. ಮೊದಲಿಗೆ ಹೇಳಿದ, ಕಮಾಂಡ್ ಸಿಗಲಿಲ್ಲ ಎಂಬ ಸಂದೇಶ ಬರುವುದು ಇದರಿಂದಲೇ.

ಅದೇ ಹೆಸರಿನಲ್ಲಿ ಸೌಲಭ್ಯವನ್ನು ಮರಳಿ ತಂದ ಕ್ಷಣ ಇವೆಲ್ಲ ಎದ್ದು ಕೂರುತ್ತವೆ. ಕಮಾಂಡ್‌ಗಳ ವಿಷಯದಲ್ಲಿ ಇದು ಬೇಕಾದದ್ದೇ, ಆದ್ದರಿಂದ ಕಮಾಂಡ್‌ನ ಒಳ ಹೆಸರನ್ನು ಬದಲಿಸಬಾರದು; ಕೈ ರೂಢಿ ಹಾಗೆಯೇ ಮುಂದುವರಿಯುತ್ತದೆ. ಸೆಟ್ಟಿಂಗ್‌ಗಳ ವಿಷಯ ಬೇರೆ. ಹಿಂದೆ ‘ಹೌದು’ ಅಥವಾ ‘ಇಲ್ಲ’ ಎಂದಿದ್ದ ಸೆಟ್ಟಿಂಗ್ ಈಗ ‘ಬೇಡ’, ‘ಕೇಳಿದಾಗ’, ‘ಸದಾ’ ಎಂಬ ಮೂರು ಬೆಲೆಗಳದ್ದಾಗಿದ್ದರೆ, ಹಳೆಯ ‘ಹೌದು’ ನೇರವಾಗಿ ನಿಮ್ಮ ಕೋಡ್‌ಗೆ ಬಂದು ಬೀಳುತ್ತದೆ. ಜೇಸನ್ ಫೈಲ್‌ನಲ್ಲಿ ಮೂರೇ ಬೆಲೆಗಳು ಎಂದು ಬರೆದಿದ್ದೀರಲ್ಲ ಎಂದರೆ, ಆ ಬರಹ ಬಳಕೆದಾರರಿಗೆ ಎಚ್ಚರಿಕೆಯ ಗೆರೆ ಎಳೆಯಲು ಮಾತ್ರ. ಕೋಡ್ ಕೇಳಿದಾಗ ಎಡಿಟರ್ ಫೈಲ್‌ನಲ್ಲಿ ಇರುವುದನ್ನೇ ಕೊಡುತ್ತದೆ. ಅದಕ್ಕಾಗಿ ಸೆಟ್ಟಿಂಗ್‌ಗೆ ಹೊಸ ಹೆಸರು ಕೊಡುವುದು, ಮೂಲ ಬೆಲೆಯನ್ನು ‘ಬೇಡ’ ಎಂದಿಡುವುದು, ಹಳೆಯ ಹೆಸರನ್ನೂ ಘೋಷಿಸಿ ಅದರ ಪಕ್ಕದಲ್ಲಿ ಬಳಕೆ ನಿಂತಿದೆ, ಹೊಸದು ಇಂಥದ್ದು ಎಂಬ ಟಿಪ್ಪಣಿ ಇಡುವುದು ನನಗೆ ಸರಿ ಕಾಣುವ ದಾರಿ. ತೆಗೆದದ್ದರಿಂದ ನೆಮ್ಮದಿಯಾಗಿದ್ದ ಬಳಕೆದಾರರೂ ಇರುತ್ತಾರೆ, ಅವರ ಪರದೆಯ ಮೇಲೆ ಅದು ಕೇಳದೆಯೇ ಮೂಡಬಾರದು.

ಎಲ್ಲಿ ನೆಲೆಗೊಳಿಸುವುದು?

ಎಲ್ಲಕ್ಕಿಂತ ಮೊದಲು ಮೂಲ ಎಕ್ಸ್‌ಟೆನ್ಷನ್‌ನವರನ್ನೇ ಕೇಳಬೇಕು. ಕೇಳುವ ರೀತಿಯಲ್ಲಿ ವ್ಯತ್ಯಾಸವಿದೆ. ಏಕೆ ತೆಗೆದಿರಿ, ಮರಳಿ ಹಾಕಿ ಎಂಬ ಒತ್ತಾಯಕ್ಕೆ ಅವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ತೆಗೆದ ಕಮಿಟ್ ಇದು, ಕಾರಣ ಇದು ಎಂದು ತಿಳಿದೆ, ಆ ಕಾರಣ ಮತ್ತೆ ಎದುರಾಗದಂತೆ ಹೀಗೆ ಬರೆದಿದ್ದೇನೆ, ಪರೀಕ್ಷೆಗಳು ಇಲ್ಲಿವೆ ಎಂದು ಪುಲ್ ರಿಕ್ವೆಸ್ಟ್, ಅಂದರೆ ನಿಮ್ಮ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ, ಮುಂದಿಟ್ಟರೆ ಮಾತುಕತೆ ಬೇರೆಯೇ ಆಗುತ್ತದೆ. ಪದದ ಎಣಿಕೆಯ ಉದಾಹರಣೆಯಲ್ಲಿ, ದೊಡ್ಡ ಫೈಲೊಂದನ್ನು ತೆರೆದು ನೂರು ಅಕ್ಷರ ಟೈಪ್ ಮಾಡಿದರೂ ಎಣಿಕೆ ಒಂದೇ ಸಲ ನಡೆಯುತ್ತದೆ ಎಂದು ತೋರಿಸುವ ಪರೀಕ್ಷೆ ಹತ್ತು ಪ್ಯಾರಾ ವಾದಕ್ಕಿಂತ ತೂಕದ್ದು.

ಅವರು ಒಪ್ಪದಿದ್ದರೆ ಕೂಡಲೇ ಫೋರ್ಕ್ ಮಾಡುವುದು, ಅಂದರೆ ಕೋಡ್ ನಕಲಿಸಿಕೊಂಡು ಪ್ರತ್ಯೇಕವಾಗಿ ಬೆಳೆಸುವುದು, ಜನಪ್ರಿಯ ಚಟ. ಪರವಾನಗಿ ಎಂಐಟಿ ಆಗಿದ್ದರೆ ಮೂಲದ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡು ಫೋರ್ಕ್ ಮಾಡಲು ಅಡ್ಡಿಯಿಲ್ಲ. ಪರವಾನಗಿಯ ಫೈಲೇ ಇಲ್ಲದಿದ್ದರೆ, ಕೋಡ್ ಕಣ್ಣಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ಅದನ್ನು ಹಂಚುವ ಹಕ್ಕು ನಿಮಗೆ ಬರುವುದಿಲ್ಲ. ಫೋರ್ಕ್‌ಗೆ ಹೊಸ ಹೆಸರು, ಹೊಸ ಗುರುತು ಕೊಡಬೇಕು. ಕಮಾಂಡ್‌ಗಳ ಒಳ ಹೆಸರುಗಳು ಎರಡರಲ್ಲೂ ಒಂದೇ ಆಗಿ, ಮೂಲವೂ ಫೋರ್ಕೂ ಒಟ್ಟಿಗೆ ಸಕ್ರಿಯವಾಗಿದ್ದರೆ, ಎರಡನೆಯದಾಗಿ ಎಚ್ಚರಗೊಂಡದ್ದು ಈ ಕಮಾಂಡ್ ಆಗಲೇ ಇದೆ ಎಂಬ ದೋಷಕ್ಕೆ ಸಿಕ್ಕಿ ಬೀಳುತ್ತದೆ. ಇದೆಲ್ಲ ಒಂದು ದಿನದ ಕೆಲಸ. ಅಲ್ಲಿಂದಾಚೆಗೆ ಮೂಲದಲ್ಲಿ ಬರುವ ಪ್ರತಿ ಬದಲಾವಣೆಯನ್ನೂ ನಿಮ್ಮ ಫೋರ್ಕ್‌ಗೆ ತಂದು ಹೊಂದಿಸುವುದು ಮುಗಿಯದ ಜೀತ. ಒಂದು ಸೌಲಭ್ಯಕ್ಕಾಗಿ ಇಡೀ ಎಕ್ಸ್‌ಟೆನ್ಷನ್‌ನ ಸಂಸಾರ ಹೊರುವವರನ್ನು ಕಂಡರೆ ನನಗೆ ಮರುಕವಾಗುತ್ತದೆ.

ಆ ಒಂದೇ ಸೌಲಭ್ಯವಿರುವ ಪುಟ್ಟ ಜೊತೆ ಎಕ್ಸ್‌ಟೆನ್ಷನ್ ಬರೆಯುವುದು ಇದಕ್ಕಿಂತ ಜಾಣತನ. ಪದದ ಎಣಿಕೆಗೆ ಮೂಲ ಎಕ್ಸ್‌ಟೆನ್ಷನ್‌ನ ಯಾವ ನೆರವೂ ಬೇಡ, ನೂರು ಸಾಲಿನಲ್ಲಿ ಮುಗಿಯುತ್ತದೆ. ಮೂಲದ ಒಳಗಿನ ಮಾಹಿತಿ ಬೇಕಾದ ಕಡೆ, ಒಂದು ಎಕ್ಸ್‌ಟೆನ್ಷನ್ ಹೊರಗೊಡ್ಡಿದ ಕಾರ್ಯಗಳನ್ನು ಇನ್ನೊಂದು ಕರೆಯಲು ಎಡಿಟರ್‌ನಲ್ಲಿ ಏರ್ಪಾಡಿದೆ. ಮೂಲದವರು ಏನನ್ನೂ ಹೊರಗೊಡ್ಡಿಲ್ಲವಾದರೆ ಅದನ್ನಷ್ಟೇ ಕೇಳಿ. ಮುನ್ನೂರು ಸಾಲಿನ ಸೌಲಭ್ಯವನ್ನು ಬೇಡವೆಂದವರು, ಮೂರು ಸಾಲಿನ ಕಿಂಡಿಯೊಂದನ್ನು ತೆರೆಯಲು ಸುಲಭವಾಗಿ ಒಪ್ಪಬಹುದು, ಏಕೆಂದರೆ ಅದರ ಬಗ್ ವರದಿಗಳು ಅವರ ಮನೆಗೆ ಬರುವುದಿಲ್ಲ.

ಬರೆದಾದ ಮೇಲೆ ವಿಎಸ್‌ಸಿಇ ಎಂಬ ಉಪಕರಣದಿಂದ ಅದನ್ನು ವಿಎಸ್‌ಐಎಕ್ಸ್ ಫೈಲ್ ಆಗಿ ಕಟ್ಟಬಹುದು. ಅದು ನಿಜದಲ್ಲಿ ಒಂದು ಜಿಪ್ ಕಟ್ಟು. ನಿಮಗೆ, ನಿಮ್ಮ ತಂಡಕ್ಕೆ ಮಾತ್ರ ಸಾಕೆಂದರೆ ಫೈಲನ್ನು ಕೈಯಿಂದ ಕೈಗೆ ಕೊಟ್ಟರೂ ಆಯಿತು. ಹೀಗೆ ಸ್ಥಾಪಿಸಿದ್ದಕ್ಕೆ ತಾನಾಗಿ ಅಪ್‌ಡೇಟ್ ಆಗುವುದು ಮೊದಲಿನಿಂದಲೇ ಆಫ್ ಆಗಿರುತ್ತದೆ. ಎಲ್ಲರಿಗೂ ಕೊಡುವುದಾದರೆ ಮೈಕ್ರೋಸಾಫ್ಟ್‌ನ ಮಾರ್ಕೆಟ್‌ಪ್ಲೇಸ್ ಇದೆ, ಬೇರೆ ಎಡಿಟರ್‌ಗಳ ಬಳಕೆದಾರರ ಸಲುವಾಗಿ ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಇದೆ.

ಒಮ್ಮೆಲೇ ಎಲ್ಲರಿಗೂ ಬಿಡುಗಡೆ ಮಾಡದೆ ಪೂರ್ವಭಾವಿ ಆವೃತ್ತಿಯಾಗಿ ಮೊದಲು ಬಿಡಲು ಮಾರ್ಕೆಟ್‌ಪ್ಲೇಸ್‌ನಲ್ಲಿ ಅವಕಾಶವಿದೆ. ಅದಕ್ಕೆ ನಡುವಿನ ಸಂಖ್ಯೆ ಬೆಸವಾಗಿರಲಿ, ಎಲ್ಲರಿಗೂ ಕೊಡುವ ಆವೃತ್ತಿಯಲ್ಲಿ ಸಮವಾಗಿರಲಿ ಎಂಬುದು ಎಡಿಟರ್ ತಂಡದ ಸಲಹೆ: 3.5 ಪ್ರಯೋಗಕ್ಕೆ, 3.6 ಎಲ್ಲರಿಗೆ. ಬಿಡುಗಡೆ ಮಾಡಿದ ಮೇಲೆ ಎಡವಟ್ಟಾದರೆ ಆ ಸಂಖ್ಯೆಯನ್ನು ಮತ್ತೆ ಬಳಸಲಾಗದು. ಕಂಪ್ಯೂಟರ್‌ಗಳು ತಾವಾಗಿ ಏರುವುದು ಮೇಲಿನ ಸಂಖ್ಯೆಗೆ ಮಾತ್ರ. ಹಾಗಾಗಿ 3.6.0 ಕೈಕೊಟ್ಟರೆ, ಹಿಂದಿನ ಕೋಡನ್ನೇ 3.6.1 ಎಂದು ಹೆಸರಿಸಿ ಮುಂದಕ್ಕೆ ಕಳುಹಿಸಬೇಕು.